‘ಒಂದ್ಸಲ ಟ್ರೈ ಮಾಡಿದೆ ಅಷ್ಟೇ’ ಅಂದ ಮಗ: ಹೆದರಬೇಕಾದದ್ದು ಯಾವುದಕ್ಕೆ?

ಪ್ರಶ್ನೆ: ನನ್ನ ಮಗನಿಗೆ 16 ವರ್ಷ. ಓದಿನಲ್ಲಿ ಪರವಾಗಿಲ್ಲ, ಮಾತು ಕಮ್ಮಿ. ಹೋದ ತಿಂಗಳು ಸ್ನೇಹಿತನ ಮನೆಯಲ್ಲಿ ರಾತ್ರಿ ಉಳಿದು ಬಂದವನ ಬಾಯಿಂದ ಕುಡಿದ ವಾಸನೆ ಬರುತ್ತಿತ್ತು. ಬ್ಯಾಗ್ ನೋಡಿದರೆ ಒಂದು ವೇಪ್ (ಇ-ಸಿಗರೇಟ್) ಸಿಕ್ಕಿತು. ಕೇಳಿದ್ದಕ್ಕೆ ‘ಒಂದ್ಸಲ ಟ್ರೈ ಮಾಡಿದೆ ಅಷ್ಟೇ, ಎಲ್ಲರೂ ಮಾಡ್ತಾರೆ’ ಅಂದ. ಆ ಗುಂಪಿನಲ್ಲಿ ಗಾಂಜಾ ಸೇದುವ ಹುಡುಗರೂ ಇದ್ದಾರಂತೆ. ನಮ್ಮ ಯಜಮಾನರು ‘ಆ ವಯಸ್ಸಲ್ಲಿ ನಾವೂ ಕುಡಿದಿದ್ದೀವಿ, ಈಗ ಏನಾಗಿದೆ?’ ಅನ್ನುತ್ತಾರೆ. ಹೊರಗೆ ಕದ್ದು ಕುಡಿಯುವ ಬದಲು ಮನೆಯಲ್ಲೇ ನಮ್ಮೆದುರಿಗೆ ಸ್ವಲ್ಪ ಕೊಟ್ಟು ಮಿತಿ ಕಲಿಸೋಣ ಅನ್ನುವುದು ಅವರ ಲೆಕ್ಕ. ನನಗೆ ರಾತ್ರಿ ನಿದ್ದೆ ಇಲ್ಲ. ಮೂತ್ರ ಪರೀಕ್ಷೆಯ ಕಿಟ್ ತರಿಸಲೇ? ಮಗ ಚಟಕ್ಕೆ ಬೀಳುತ್ತಾನಾ? ಅವನ ತಂಗಿಗೆ 12 ವರ್ಷ, ಅವಳಿಗೂ ಇದನ್ನೆಲ್ಲ ಹೇಳಬೇಕಾ?

ಉತ್ತರ: ಮೊದಲು ನಿಮ್ಮ ನೇರ ಪ್ರಶ್ನೆಗೆ ನೇರ ಉತ್ತರ ಕೊಟ್ಟುಬಿಡುತ್ತೇನೆ. ಹದಿಹರೆಯದಲ್ಲಿ ಒಂದೆರಡು ಸಲ ಕುಡಿದು ನೋಡಿದ, ಸೇದಿ ನೋಡಿದ ಮಕ್ಕಳಲ್ಲಿ ಹೆಚ್ಚಿನವರು ಚಟಕ್ಕೆ ಬೀಳುವುದಿಲ್ಲ. ಇಷ್ಟರ ಮಟ್ಟಿಗೆ ನಿಮ್ಮ ಯಜಮಾನರ ಮಾತು ಸರಿ. ಆದರೆ ಅಲ್ಲಿಗೇ ನಿಶ್ಚಿಂತೆಯಾಗಿ ಕೂರುವ ಹಾಗಿಲ್ಲ. ಯಾಕೆಂದರೆ ನೀವಿಬ್ಬರೂ ವಾದ ಮಾಡುತ್ತಿರುವುದು ಚಟದ ಬಗ್ಗೆ ಮಾತ್ರ. ಅವರು ‘ಚಟ ಆಗಲ್ಲ’ ಅನ್ನುತ್ತಾರೆ, ನೀವು ‘ಆದ್ರೆ?’ ಅನ್ನುತ್ತೀರಿ. ಹದಿಹರೆಯದಲ್ಲಿ ಜೀವ ತೆಗೆಯುವುದು ಸಾಮಾನ್ಯವಾಗಿ ಚಟ ಅಲ್ಲ, ಒಂದು ರಾತ್ರಿ. ಆ ರಾತ್ರಿ ಅದು ಅವನ ಮೊದಲನೇ ಸಲವಾ, ಐವತ್ತನೇ ಸಲವಾ ಅನ್ನುವುದಕ್ಕೆ ಅರ್ಥವೇ ಇರುವುದಿಲ್ಲ. ಹಾಗಾಗಿ ಚಟದ ವಿಷಯ ಆಮೇಲೆ, ಮೊದಲು ಆ ರಾತ್ರಿಯ ಬಗ್ಗೆ ಮಾತಾಡೋಣ.

ಕುಡಿತದಲ್ಲಿ ದೊಡ್ಡವರಿಗೂ ಹದಿನಾರರ ಹುಡುಗನಿಗೂ ಒಂದು ವ್ಯತ್ಯಾಸ ಇದೆ. ದೊಡ್ಡವರು ಜಾಸ್ತಿ ಕುಡಿದರೆ ತೂಕಡಿಕೆ ಬರುತ್ತದೆ, ಕಾಲು ತಡವರಿಸುತ್ತದೆ, ನಾಲಿಗೆ ದಪ್ಪ ಆಗುತ್ತದೆ. ಸಾಕು ಅಂತ ಮೈಯೇ ಹೇಳುತ್ತದೆ. ಎಳೆಯ ಇಲಿಗಳ ಮೇಲೆ ನಡೆದ ಎಷ್ಟೋ ಪ್ರಯೋಗಗಳಲ್ಲಿ ಕಂಡಿದ್ದು ಏನೆಂದರೆ, ಹರೆಯದ ಇಲಿಗಳಿಗೆ ಅಷ್ಟೇ ಮದ್ಯ ಕೊಟ್ಟರೂ ನಿದ್ದೆ ಬೇಗ ಹತ್ತುವುದಿಲ್ಲ, ತೂರಾಡುವುದೂ ಕಮ್ಮಿ. ಆದರೆ ನೆನಪಿನ ಶಕ್ತಿಗೆ ಬೀಳುವ ಪೆಟ್ಟು ಮಾತ್ರ ದೊಡ್ಡ ಇಲಿಗಳಿಗಿಂತ ಜಾಸ್ತಿ. ಮನುಷ್ಯರ ಮಕ್ಕಳಿಗೆ ಕುಡಿಸಿ ಪರೀಕ್ಷೆ ಮಾಡುವ ಹಾಗಿಲ್ಲ. ಆದರೂ ಆಸ್ಪತ್ರೆಗಳಲ್ಲಿ ನಾವು ನೋಡುವುದಕ್ಕೂ ಇದಕ್ಕೂ ಸರಿಯಾಗಿ ಹೊಂದುತ್ತದೆ. ‘ನಂಗೇನೂ ಆಗ್ಲೇ ಇಲ್ಲ, ಅದಕ್ಕೇ ಇನ್ನೊಂದು ಹಾಕ್ದೆ’ ಎನ್ನುವ ಹುಡುಗ ಸುಳ್ಳು ಹೇಳುತ್ತಿಲ್ಲ. ಅವನಿಗೆ ನಿಜವಾಗಿ ಏನೂ ಅನ್ನಿಸಿರುವುದಿಲ್ಲ. ಅಪಾಯ ಇರುವುದೇ ಅಲ್ಲಿ.

ಇದರ ಜೊತೆಗೆ ಅವರು ಕುಡಿಯುವ ರೀತಿ ಬೇರೆ. ಸಿಗುವುದು ಅಪರೂಪ, ಕದ್ದು ಮುಗಿಸಬೇಕು, ಟೈಮ್ ಕಮ್ಮಿ. ಒಂದು ಗಂಟೆಯೊಳಗೆ ನಾಲ್ಕೈದು ಪೆಗ್ ಒಳಗೆ ಹೋಗಿರುತ್ತದೆ. ಲಿವರ್ ಮಾತ್ರ ತನ್ನ ಪಾಡಿಗೆ ಗಂಟೆಗೆ ಹೆಚ್ಚುಕಮ್ಮಿ ಒಂದು ಪೆಗ್ ಲೆಕ್ಕದಲ್ಲಿ ಕೆಲಸ ಮಾಡುತ್ತಿರುತ್ತದೆ. ಕಾಫಿ ಕೊಟ್ಟರೂ, ತಲೆಗೆ ತಣ್ಣೀರು ಸುರಿದರೂ, ಹಿಡಿದುಕೊಂಡು ಓಡಾಡಿಸಿದರೂ ಅದರ ವೇಗ ಹೆಚ್ಚುವುದಿಲ್ಲ. ಇನ್ನೊಂದು ವಿಷಯ ದೊಡ್ಡವರಿಗೂ ಗೊತ್ತಿರುವುದಿಲ್ಲ. ಕುಡಿಯುವುದು ನಿಲ್ಲಿಸಿದ ಮೇಲೂ ರಕ್ತದಲ್ಲಿ ಮದ್ಯದ ಮಟ್ಟ ಏರುತ್ತಲೇ ಇರುತ್ತದೆ, ಯಾಕೆಂದರೆ ಹೊಟ್ಟೆಯಲ್ಲಿ, ಕರುಳಿನಲ್ಲಿ ಇನ್ನೂ ಬಾಕಿ ಇರುತ್ತದೆ. ಹತ್ತು ಗಂಟೆಗೆ ಮಾತಾಡುತ್ತಿದ್ದವನು ಹನ್ನೊಂದಕ್ಕೆ ಎಬ್ಬಿಸಿದರೂ ಏಳದ ಸ್ಥಿತಿಗೆ ಹೋಗಬಹುದು.

ಆಗ ಏನಾಗುತ್ತದೆ ನೋಡಿ. ಗೆಳೆಯರು ಅವನನ್ನು ಎತ್ತಿ ಮಂಚದ ಮೇಲೆ ಅಂಗಾತ ಮಲಗಿಸುತ್ತಾರೆ. ‘ಫುಲ್ ಟೈಟ್ ಆಗಿದ್ದಾನೆ, ಮಲ್ಗ್ಲಿ ಬಿಡು, ಬೆಳಗ್ಗೆ ಸರಿಹೋಗ್ತಾನೆ’ ಅಂತ ಲೈಟ್ ಆರಿಸಿ, ಬಾಗಿಲು ಎಳೆದುಕೊಂಡು ಹೊರಗೆ ಹೋಗುತ್ತಾರೆ. ಅವನಿಗೆ ವಾಂತಿ ಬರುತ್ತದೆ. ಪ್ರಜ್ಞೆ ಇರುವವನು ಎದ್ದು ಕೂರುತ್ತಾನೆ ಅಥವಾ ಪಕ್ಕಕ್ಕೆ ಹೊರಳುತ್ತಾನೆ, ಕೆಮ್ಮುತ್ತಾನೆ. ಇವನಿಗೆ ಆ ಕೆಮ್ಮೇ ಬರುವುದಿಲ್ಲ. ವಾಂತಿ ಶ್ವಾಸಕೋಶಕ್ಕೆ ಇಳಿಯುತ್ತದೆ. ಕೆಲವರಲ್ಲಿ ವಾಂತಿಯೂ ಬೇಕಿಲ್ಲ, ಉಸಿರಾಟವೇ ನಿಧಾನ ಆಗುತ್ತಾ ಆಗುತ್ತಾ ನಿಲ್ಲುತ್ತದೆ. ಮಕ್ಕಳಲ್ಲಿ ರಕ್ತದ ಸಕ್ಕರೆ ಕೂಡ ದೊಡ್ಡವರಿಗಿಂತ ಬೇಗ ಕುಸಿಯುತ್ತದೆ. ಖಾಲಿ ಹೊಟ್ಟೆಯಲ್ಲಿ ಕುಡಿದಿದ್ದರಂತೂ ಕೇಳುವುದೇ ಬೇಡ.

ಹಾಗಾಗಿ ನಿಮ್ಮ ಮಗನಿಗೆ ಬುದ್ಧಿವಾದ ಹೇಳುವ ಮೊದಲು ಇದನ್ನು ಕಲಿಸಿ, ಅವನ ಗೆಳೆಯರಿಗೂ ಗೊತ್ತಾಗಲಿ. ಅಲುಗಾಡಿಸಿ, ಚಿವುಟಿ, ಜೋರಾಗಿ ಕರೆದರೂ ಏಳದಿದ್ದರೆ. ನಿಮಿಷಕ್ಕೆ ಎಂಟಕ್ಕಿಂತ ಕಮ್ಮಿ ಉಸಿರಾಡುತ್ತಿದ್ದರೆ ಅಥವಾ ಎರಡು ಉಸಿರಿನ ಮಧ್ಯೆ ಹತ್ತು ಸೆಕೆಂಡಿಗಿಂತ ಜಾಸ್ತಿ ಗ್ಯಾಪ್ ಇದ್ದರೆ. ತುಟಿ, ಉಗುರು ನೀಲಿ ಆಗಿದ್ದರೆ. ಮೈ ತಣ್ಣಗಾಗಿ ಬೆವೆತಿದ್ದರೆ. ಫಿಟ್ಸ್ ಬಂದರೆ. ಆಗ ಕಾಯುವ ಹಾಗಿಲ್ಲ, ಆಂಬುಲೆನ್ಸ್ ಕರೆಯಬೇಕು. ಎಲ್ಲ ಲಕ್ಷಣವೂ ಬರಲಿ ಅಂತ ನೋಡುತ್ತಾ ಕೂರಬಾರದು, ಒಂದು ಕಂಡರೂ ಸಾಕು. ಆಂಬುಲೆನ್ಸ್ ಬರುವ ತನಕ ಅವನನ್ನು ಒಂದು ಮಗ್ಗುಲಿಗೆ ತಿರುಗಿಸಿ ಮಲಗಿಸಬೇಕು. ಮೇಲಿನ ಮಂಡಿಯನ್ನು ಮಡಚಿ ಮುಂದಕ್ಕೆ ಇಡಬೇಕು, ಮೇಲಿನ ಕೈಯನ್ನು ಕೆನ್ನೆಯ ಕೆಳಗೆ ಇಡಬೇಕು, ಬಾಯಿ ಸ್ವಲ್ಪ ನೆಲದ ಕಡೆಗಿರಬೇಕು. ಹೀಗಿದ್ದರೆ ವಾಂತಿ ಬಂದರೂ ಹೊರಗೆ ಹೋಗುತ್ತದೆ. ಬಾಯಿಗೆ ಬೆರಳು ಹಾಕಿ ವಾಂತಿ ಮಾಡಿಸಬಾರದು, ಏನನ್ನೂ ಕುಡಿಸಬಾರದು. ಒಬ್ಬರು ಪಕ್ಕದಲ್ಲೇ ಕೂತಿರಬೇಕು, ಫೋನ್ ನೋಡುತ್ತಾ ಅಲ್ಲ, ಅವನ ಎದೆ ನೋಡುತ್ತಾ.

ಇಷ್ಟು ಗೊತ್ತಿದ್ದೂ ಹುಡುಗರು ಫೋನ್ ಮಾಡುವುದಿಲ್ಲ. ಯಾಕೆ ಹೇಳಿ? ಮನೆಯಲ್ಲಿ ಗೊತ್ತಾಗುತ್ತದಲ್ಲ ಅನ್ನುವ ಭಯ. ನನ್ನನ್ನು ಕೇಳಿದರೆ, ನೀವು ಇವತ್ತೇ ಮಾಡಬಹುದಾದ ಒಂದೇ ಒಂದು ಒಳ್ಳೆಯ ಕೆಲಸ ಇದು. ‘ಎಷ್ಟೇ ಹೊತ್ತಾಗಿರಲಿ, ಎಲ್ಲೇ ಇರು, ಯಾವ ಸ್ಥಿತಿಯಲ್ಲೇ ಇರು, ಫೋನ್ ಮಾಡು. ನಾನು ಬಂದು ಕರ್ಕೊಂಡು ಬರ್ತೀನಿ. ಆ ರಾತ್ರಿ ಒಂದು ಪ್ರಶ್ನೆಯೂ ಕೇಳಲ್ಲ’ ಎಂದು ಹೇಳಿಬಿಡಿ. ಹೇಳಿದ ಮೇಲೆ ಹಾಗೇ ನಡೆದುಕೊಳ್ಳಿ. ಮಾತು ಮಾರನೇ ದಿನ ಮಧ್ಯಾಹ್ನ ಆಗಲಿ. ಇದು ಕುಡಿಯಲು ಪರ್ಮಿಷನ್ ಕೊಟ್ಟ ಹಾಗೆ ಆಗುವುದಿಲ್ಲವಾ ಎಂದು ಎಷ್ಟೋ ತಂದೆತಾಯಿ ಕೇಳುತ್ತಾರೆ. ಆಗುವುದಿಲ್ಲ. ಕುಡಿಯಬೇಡ ಅನ್ನುವ ನಿಯಮ ಹಾಗೇ ಇರುತ್ತದೆ. ಅದನ್ನು ಮುರಿದವನಿಗೂ ಮನೆಗೆ ಬರಲು ಒಂದು ದಾರಿ ಇರುತ್ತದೆ, ಅಷ್ಟೇ.

ಬರೀ ಮದ್ಯವೇ ಇಷ್ಟು ಮಾಡಿದರೆ, ಅದರ ಜೊತೆ ಇನ್ನೊಂದು ಸೇರಿದಾಗ ಲೆಕ್ಕವೇ ಬದಲಾಗುತ್ತದೆ. ನಿದ್ದೆ ಮಾತ್ರೆ, ಕೊಡೀನ್ ಇರುವ ಕೆಮ್ಮಿನ ಸಿರಪ್, ನೋವಿನ ಕೆಲವು ಸ್ಟ್ರಾಂಗ್ ಮಾತ್ರೆಗಳು, ಇವೆಲ್ಲವೂ ಮದ್ಯದ ಹಾಗೇ ಉಸಿರಾಟವನ್ನು ನಿಧಾನ ಮಾಡುತ್ತವೆ. ಎರಡೂ ಸ್ವಲ್ಪ ಸ್ವಲ್ಪವೇ ಇದ್ದರೂ ಒಟ್ಟಿಗೆ ಸೇರಿ ಉಸಿರು ನಿಲ್ಲಿಸಬಹುದು. ಈ ಮಾತ್ರೆಗಳನ್ನು ಹುಡುಕಿಕೊಂಡು ಎಲ್ಲಿಗೋ ಹೋಗಬೇಕಾಗಿಯೂ ಇಲ್ಲ, ಎಷ್ಟೋ ಸಲ ಮನೆಯ ಔಷಧಿ ಡಬ್ಬಿಯಲ್ಲೇ ಇರುತ್ತವೆ. ನಿಮ್ಮ ಮನೆಯಲ್ಲಿ ಹಿರಿಯರ ಮಾತ್ರೆಗಳಿದ್ದರೆ ಇವತ್ತೇ ಬೀಗ ಹಾಕಿಡಿ. ಎನರ್ಜಿ ಡ್ರಿಂಕ್ ಬೆರೆಸಿ ಕುಡಿಯುವುದು ಇನ್ನೊಂದು ಬಗೆ. ಅದರಲ್ಲಿರುವ ಕೆಫೀನ್ ತೂಕಡಿಕೆಯನ್ನು ಮುಚ್ಚಿಡುತ್ತದೆ, ಅಮಲನ್ನು ಇಳಿಸುವುದಿಲ್ಲ. ತಾನು ಸರಿಯಾಗೇ ಇದ್ದೀನಿ ಎಂದುಕೊಂಡು ಗಾಡಿಯ ಕೀ ಕೈಗೆತ್ತಿಕೊಳ್ಳುತ್ತಾನೆ.

ಗಾಡಿ ಅಂದೆ ಅಲ್ವಾ, ಅಲ್ಲೇ ಒಂದು ಪ್ರಯೋಗ ನೆನಪಿಗೆ ಬಂತು. ಅಮೆರಿಕದ ಮನಃಶಾಸ್ತ್ರಜ್ಞರಾದ ಮಾರ್ಗೋ ಗಾರ್ಡ್ನರ್ ಮತ್ತು ಲಾರೆನ್ಸ್ ಸ್ಟೈನ್‌ಬರ್ಗ್ 2005ರಲ್ಲಿ ಪ್ರಕಟಿಸಿದ್ದು. ಕಂಪ್ಯೂಟರ್‌ನಲ್ಲಿ ಕಾರು ಓಡಿಸುವ ಆಟ. ಸಿಗ್ನಲ್ ಹಳದಿಯಾದ ಮೇಲೂ ಎಷ್ಟು ಮುಂದೆ ಹೋಗುತ್ತಾರೆ ಅಂತ ನೋಡುವುದು. ಒಬ್ಬರೇ ಆಡುವಾಗ ಹದಿಹರೆಯದವರೂ ದೊಡ್ಡವರೂ ಹೆಚ್ಚುಕಮ್ಮಿ ಒಂದೇ ಥರ ಆಡಿದರು. ಪಕ್ಕದಲ್ಲಿ ಗೆಳೆಯರನ್ನು ನಿಲ್ಲಿಸಿದಾಗ ದೊಡ್ಡವರ ಆಟ ಬದಲಾಗಲಿಲ್ಲ, ಹದಿಹರೆಯದವರು ಮಾತ್ರ ಬಹಳ ಜಾಸ್ತಿ ರಿಸ್ಕ್ ತೆಗೆದುಕೊಂಡರು. ಗಮನಿಸಿ, ಅಲ್ಲಿ ಯಾರೂ ಕುಡಿದಿರಲಿಲ್ಲ. ‘ನಮ್ಮ ಹುಡುಗ ಬುದ್ಧಿವಂತ, ಹಾಗೆಲ್ಲ ಮಾಡಲ್ಲ’ ಅಂತ ನಾವು ಅಂದಾಜು ಮಾಡುವುದು ಅವನು ಮನೆಯಲ್ಲಿ ನಮ್ಮ ಎದುರಿಗೆ ಕೂತಾಗ. ಅವನು ನಿರ್ಧಾರ ಮಾಡುವುದು ನಾಲ್ಕು ಜನ ಗೆಳೆಯರ ಮಧ್ಯೆ. ಅದಕ್ಕೇ ಒಂದು ಮಾತು ಕಟ್ಟುನಿಟ್ಟಾಗಿರಲಿ: ಕುಡಿದವನ ಗಾಡಿ ಹತ್ತುವಂತಿಲ್ಲ, ಅವನೇ ಕುಡಿದಿದ್ದರೆ ಗಾಡಿ ಮುಟ್ಟುವಂತಿಲ್ಲ. ಈಜು, ಕೆರೆ, ಎತ್ತರದ ಜಾಗಗಳೂ ಇದೇ ಲೆಕ್ಕಕ್ಕೆ ಸೇರುತ್ತವೆ.

ನಿಮ್ಮ ಪತ್ರದಲ್ಲಿ ಇಲ್ಲದ ಒಂದು ವಸ್ತುವಿನ ಬಗ್ಗೆ ಹೇಳಲೇಬೇಕು. ಗಮ್, ಥಿನ್ನರ್, ವೈಟ್‌ನರ್, ಸ್ಪ್ರೇ ಕ್ಯಾನ್‌ಗಳನ್ನು ಮೂಸುವ ಅಭ್ಯಾಸ. ಇದು ಚಿಕ್ಕ ವಯಸ್ಸಿನಲ್ಲೇ, ಹನ್ನೆರಡು ಹದಿಮೂರಕ್ಕೇ ಶುರುವಾಗುವುದುಂಟು, ಯಾಕೆಂದರೆ ಅಗ್ಗ ಮತ್ತು ಎಲ್ಲ ಕಡೆ ಇರುತ್ತದೆ. ಇದರಲ್ಲಿ ಮೊದಲನೇ ಸಲವೇ ಹೃದಯ ನಿಂತು ಸತ್ತ ಮಕ್ಕಳಿದ್ದಾರೆ. ಆ ಆವಿ ಹೃದಯವನ್ನು ಎಷ್ಟು ಸೂಕ್ಷ್ಮ ಮಾಡಿಬಿಡುತ್ತದೆ ಎಂದರೆ, ಗಾಬರಿಯಾದಾಗ ಮೈಯಲ್ಲಿ ನುಗ್ಗುವ ಅಡ್ರಿನಲಿನ್ ಸಾಕು, ಬಡಿತ ತಪ್ಪಲು. ಹಾಗಾಗಿ ಮೂಸುತ್ತಿರುವ ಮಗುವನ್ನು ಕಂಡರೆ ಕಿರುಚಬೇಡಿ, ಅಟ್ಟಿಸಿಕೊಂಡು ಹೋಗಬೇಡಿ. ನಿಮಗೆ ಎಷ್ಟೇ ಕೋಪ ಬಂದಿರಲಿ. ಮೆಲ್ಲಗೆ ಹತ್ತಿರ ಹೋಗಿ, ಅದನ್ನು ತೆಗೆದಿಟ್ಟು, ಕಿಟಕಿ ಬಾಗಿಲು ತೆಗೆದು, ಗಾಳಿಯಿರುವ ಕಡೆ ಸುಮ್ನೆ ಕೂರಿಸಿ.

ಈಗ ನಿಮ್ಮ ಯಜಮಾನರ ವಾದಕ್ಕೆ ಬರುತ್ತೇನೆ. ‘ನಾವೂ ಕುಡಿದಿದ್ದೀವಿ, ಏನಾಯ್ತು?’ ಇದನ್ನು ಹೇಳುವವರು ಏನೂ ಆಗದೆ ಉಳಿದವರು. ಆದವರು ಹೇಳಲು ಇಲ್ಲ. ಅದು ಒಂದು. ಇನ್ನೊಂದು, ಅವರ ಕಾಲದ ಮಾಲೇ ಬೇರೆ, ಈಗಿನದೇ ಬೇರೆ. ಅಮೆರಿಕದಲ್ಲಿ ವಶಪಡಿಸಿಕೊಂಡ ಗಾಂಜಾದಲ್ಲಿ ಅಮಲು ಕೊಡುವ ಟಿಎಚ್‌ಸಿ ಅಂಶ 1995ರಲ್ಲಿ ಸುಮಾರು 4 ಪರ್ಸೆಂಟ್ ಇದ್ದದ್ದು 2014ಕ್ಕೆ ಸುಮಾರು 12 ಪರ್ಸೆಂಟ್ ಆಗಿತ್ತು. ವೇಪ್‌ಗೆ ಹಾಕುವ ಗಾಂಜಾ ಎಣ್ಣೆಯಲ್ಲಿ ಇನ್ನೂ ಎಷ್ಟೋ ಪಟ್ಟು ಜಾಸ್ತಿ ಇರುತ್ತದೆ. ತಿನ್ನುವ ರೂಪದಲ್ಲಿ ಬಂದರೆ ಅದರದು ಬೇರೆ ಕಾಟ. ಕಿಕ್ ಬರಲು ಅರ್ಧ ಗಂಟೆಯಿಂದ ಎರಡು ಗಂಟೆ ಹಿಡಿಯುತ್ತದೆ. ‘ಏನೂ ಆಗ್ಲಿಲ್ಲ’ ಅಂತ ಇನ್ನೊಂದು ತಿನ್ನುತ್ತಾರೆ, ಆಮೇಲೆ ಎರಡೂ ಒಟ್ಟಿಗೆ ಏರುತ್ತದೆ. ಗೆಳೆಯ ಕೊಟ್ಟ ಬಿಡಿ ಮಾತ್ರೆಗಳ ವಿಷಯದಲ್ಲಂತೂ ನನಗೆ ಯಾವ ಸಡಿಲಿಕೆಯೂ ಇಲ್ಲ. ಅಸಲಿ ಔಷಧಿಯ ಹಾಗೇ ಕಾಣುವ ನಕಲಿ ಮಾತ್ರೆಗಳಲ್ಲಿ ಫೆಂಟನಿಲ್ ಎಂಬ ಬಹಳ ಸ್ಟ್ರಾಂಗ್ ನೋವಿನ ಔಷಧಿ ಸಿಕ್ಕಿದೆ. ಅದರ 2 ಮಿಲಿಗ್ರಾಂ, ಅಂದರೆ ಕಣ್ಣಿಗೆ ಸರಿಯಾಗಿ ಕಾಣದಷ್ಟು ಪುಡಿ, ಒಬ್ಬರ ಜೀವ ತೆಗೆಯಬಹುದು. ಅಲ್ಲಿ ‘ಒಂದ್ಸಲ ಟ್ರೈ’ ಅನ್ನುವುದಕ್ಕೆ ಜಾಗವೇ ಇಲ್ಲ.

ಬ್ಯಾಗ್‌ನಲ್ಲಿ ಸಿಕ್ಕ ವೇಪ್. ನಿಮ್ಮ ಪತ್ರದಲ್ಲಿ ಅದು ಒಂದೇ ಸಾಲು, ಆದರೆ ಚಟದ ಲೆಕ್ಕದಲ್ಲಿ ನಾನು ಎಲ್ಲಕ್ಕಿಂತ ಜಾಸ್ತಿ ಯೋಚಿಸಿದ್ದು ಅದರ ಬಗ್ಗೆಯೇ. ಕುಡಿಯಲು ಜಾಗ ಬೇಕು, ಗುಂಪು ಬೇಕು, ವಾಸನೆ ಬರುತ್ತದೆ. ವೇಪ್ ಜೇಬಿನಲ್ಲಿರುತ್ತದೆ, ಹಣ್ಣಿನ ವಾಸನೆ, ಬಾತ್‌ರೂಮಿನಲ್ಲಿ ಎರಡು ದಮ್ ಎಳೆದು ಬಂದರೆ ಯಾರಿಗೂ ತಿಳಿಯುವುದಿಲ್ಲ. ‘ಬರೀ ಫ್ಲೇವರ್ ಹೊಗೆ’ ಅಂತ ಮಕ್ಕಳು ನಂಬಿರುತ್ತಾರೆ, ಆದರೆ ಹೆಚ್ಚಿನದರಲ್ಲಿ ನಿಕೋಟಿನ್ ಇರುತ್ತದೆ, ಕೆಲವದರಲ್ಲಿ ಸಿಗರೇಟಿಗಿಂತ ಸಲೀಸಾಗಿ ಒಳಗಿಳಿಯುವ ರೂಪದಲ್ಲಿ. ಬೆಳೆಯುತ್ತಿರುವ ಮೆದುಳು ನಿಕೋಟಿನ್‌ಗೆ ಬಹಳ ಬೇಗ ಒಗ್ಗಿಕೊಳ್ಳುತ್ತದೆ, ದಿನಾ ಎಳೆಯದವರಲ್ಲೂ ಹಂಬಲ ಶುರುವಾಗಬಹುದು. ಬೆಳಗ್ಗೆ ಎದ್ದ ಅರ್ಧ ಗಂಟೆಯೊಳಗೆ ಬೇಕು ಅನ್ನಿಸುತ್ತದಾ ಎಂದು ಅವನನ್ನೇ ಕೇಳಿ. ಹೌದು ಎಂದರೆ ಅದು ಟ್ರೈ ಮಾಡುವ ಹಂತ ದಾಟಿದೆ. ಒಳಗೆ ಏನು ತುಂಬಿದ್ದಾರೆ ಅನ್ನುವುದೂ ಭರವಸೆಯಿಲ್ಲ. 2019ರಲ್ಲಿ ಅಮೆರಿಕದಲ್ಲಿ ಆರೋಗ್ಯವಾಗಿದ್ದ ಯುವಕರು ಸಾಲುಸಾಲಾಗಿ ಉಸಿರಾಟದ ತೊಂದರೆಯಿಂದ ಆಸ್ಪತ್ರೆ ಸೇರಿದರು. 2020ರ ಫೆಬ್ರವರಿ ಹೊತ್ತಿಗೆ 2,807 ಜನ ದಾಖಲಾಗಿದ್ದರು ಅಥವಾ ತೀರಿಕೊಂಡಿದ್ದರು, ಸತ್ತವರೇ 68 ಮಂದಿ. ಮುಖ್ಯ ಕಾರಣ ಅಂತ ಕಂಡುಬಂದಿದ್ದು ಗಾಂಜಾ ವೇಪ್‌ಗಳಲ್ಲಿ ಎಣ್ಣೆ ದಪ್ಪ ಮಾಡಲು ಬೆರೆಸಿದ್ದ ವಿಟಮಿನ್ ಇ ಅಸಿಟೇಟ್.

ಇನ್ನು ವರ್ಷಗಳ ಮೇಲೆ ಕಾಣುವ ಅಪಾಯ. ಮೆದುಳಿನ ಮುಂಭಾಗ, ಅಂದರೆ ಮುಂದಾಲೋಚನೆ ಮಾಡುವ, ತಡೆದು ನಿಲ್ಲಿಸುವ ಭಾಗ, ಪೂರ್ತಿ ಬಲಿಯುವುದು ಇಪ್ಪತ್ತರ ನಡುವಿಗೆ. ಖುಷಿ, ಬಹುಮಾನ ಬೇಡುವ ಭಾಗ ಅದಕ್ಕಿಂತ ಮೊದಲೇ ಚುರುಕಾಗಿರುತ್ತದೆ. ಈ ನಡುವಿನ ವರ್ಷಗಳಲ್ಲಿ ಕಲಿತದ್ದು ಗಟ್ಟಿಯಾಗಿ ಕೂರುತ್ತದೆ, ಅದು ಸಂಗೀತವೇ ಆಗಿರಲಿ, ಕುಡಿತವೇ ಆಗಿರಲಿ. ಅಮೆರಿಕದ ದೊಡ್ಡ ಸಮೀಕ್ಷೆಯೊಂದರಲ್ಲಿ 15 ವರ್ಷಕ್ಕಿಂತ ಮೊದಲೇ ಕುಡಿಯಲು ಶುರು ಮಾಡಿದವರಲ್ಲಿ ಮುಂದೆ ಮದ್ಯಕ್ಕೆ ದಾಸರಾದವರ ಪ್ರಮಾಣ, 21ರ ಸುಮಾರಿಗೆ ಶುರು ಮಾಡಿದವರ ನಾಲ್ಕು ಪಟ್ಟು ಇತ್ತು. 1997ರಲ್ಲಿ ಪ್ರಕಟವಾದ ಈ ಅಂಕಿಯನ್ನು ಎಲ್ಲರೂ ಉದ್ಧರಿಸುತ್ತಾರೆ. ಆದರೆ ಅಲ್ಲೊಂದು ತೊಡಕಿದೆ. ಅಷ್ಟು ಬೇಗ ಶುರು ಮಾಡುವ ಮಕ್ಕಳಲ್ಲಿ ಎಷ್ಟೋ ಜನರ ಮನೆಯಲ್ಲಿ ಕುಡಿತ ಇರುತ್ತದೆ, ಸ್ವಭಾವದಲ್ಲಿ ದುಡುಕು ಇರುತ್ತದೆ, ಮನಸ್ಸಿಗೆ ಏನೋ ಪೆಟ್ಟು ಬಿದ್ದಿರುತ್ತದೆ. ಬೇಗ ಕುಡಿದದ್ದು ಎಷ್ಟು ಕಾರಣ, ಈ ಹಿನ್ನೆಲೆ ಎಷ್ಟು ಕಾರಣ ಎಂದು ಬಿಡಿಸುವುದು ಕಷ್ಟ. ಮದ್ಯದ ಚಟದ ರಿಸ್ಕ್‌ನಲ್ಲಿ ಸುಮಾರು ಅರ್ಧದಷ್ಟು ವಂಶದಿಂದ ಬರುತ್ತದೆ. ನಿಮ್ಮಿಬ್ಬರ ಕಡೆ ಯಾರಿಗಾದರೂ ಕುಡಿತದ ಚಟ ಇದ್ದರೆ ಅದನ್ನು ಮಗನಿಂದ ಮುಚ್ಚಿಡಬೇಡಿ. ಅದು ಅವನ ದೇಹದ ಬಗ್ಗೆ ಅವನಿಗೆ ತಿಳಿದಿರಬೇಕಾದ ವಿಷಯ.

ಗಾಂಜಾದ ವಿಷಯದಲ್ಲೂ ಹಾಗೇ, ಗೊತ್ತಿರುವಷ್ಟನ್ನು ಮಾತ್ರ ಹೇಳೋಣ. ಸ್ವೀಡನ್‌ನಲ್ಲಿ ಸೇನೆಗೆ ಸೇರಿದ 45,000ಕ್ಕೂ ಜಾಸ್ತಿ ಯುವಕರನ್ನು ವರ್ಷಗಟ್ಟಲೆ ಹಿಂಬಾಲಿಸಿ 1987ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸೇನೆ ಸೇರುವ ಹೊತ್ತಿಗೇ 50 ಸಲಕ್ಕಿಂತ ಜಾಸ್ತಿ ಗಾಂಜಾ ಸೇದಿದ್ದವರಲ್ಲಿ ಸ್ಕಿಜೋಫ್ರೇನಿಯಾ (ಇಲ್ಲದ ದನಿ ಕೇಳಿಸುವ, ಭ್ರಮೆ ಹುಟ್ಟಿಸುವ ಮಾನಸಿಕ ಕಾಯಿಲೆ) ಸೇದದವರಿಗಿಂತ ಆರು ಪಟ್ಟು ಕಂಡಿತ್ತು. ಅದರ ನಂತರದ ಅಧ್ಯಯನಗಳೂ ಅದೇ ದಿಕ್ಕಿಗೆ ಕೈ ತೋರಿಸಿವೆ: ಸ್ಟ್ರಾಂಗ್ ಮಾಲು, ದಿನಾ ಸೇದುವುದು, ಚಿಕ್ಕ ವಯಸ್ಸು, ಮೂರೂ ಸೇರಿದರೆ ಅಪಾಯ ಜಾಸ್ತಿ. ನ್ಯೂಜಿಲೆಂಡಿನ ಡುನೆಡಿನ್‌ನಲ್ಲಿ 1972-73ರಲ್ಲಿ ಹುಟ್ಟಿದ ಸಾವಿರಕ್ಕೂ ಹೆಚ್ಚು ಮಕ್ಕಳನ್ನು ಹಿಂಬಾಲಿಸಿದವರು 2012ರಲ್ಲಿ, ಹದಿಹರೆಯದಲ್ಲೇ ಶುರು ಮಾಡಿ ವರ್ಷಾನುಗಟ್ಟಲೆ ಬಿಡದೆ ಸೇದಿದವರ ಐಕ್ಯೂ ಸರಾಸರಿ 8 ಅಂಕ ಇಳಿದಿತ್ತು ಎಂದರು. ಆದರೆ ಆಮೇಲೆ ಅವಳಿ ಮಕ್ಕಳನ್ನು ಹೋಲಿಸಿ ನೋಡಿದವರಿಗೆ, ಸೇದಿದ ಅವಳಿಗೂ ಸೇದದ ಅವಳಿಗೂ ಅಂಥ ವ್ಯತ್ಯಾಸ ಕಾಣಲಿಲ್ಲ. ‘ಒಂದು ದಮ್ ಎಳೆದ್ರೆ ಹುಚ್ಚು ಹಿಡಿಯುತ್ತೆ’ ಅಂತ ಮಗನಿಗೆ ಹೇಳಬೇಡಿ. ಎಳೆದು ಹುಚ್ಚು ಹಿಡಿಯದ ಗೆಳೆಯ ಅವನ ಪಕ್ಕದಲ್ಲೇ ಕೂತಿರುತ್ತಾನೆ, ಆಮೇಲೆ ನಿಮ್ಮ ಬೇರೆ ಮಾತುಗಳನ್ನೂ ಅವನು ನಂಬುವುದಿಲ್ಲ. ಆದರೆ ಮನೆತನದಲ್ಲಿ ಸ್ಕಿಜೋಫ್ರೇನಿಯಾ, ಬೈಪೋಲಾರ್‌ನಂಥ ಕಾಯಿಲೆ ಇದ್ದರೆ ಮಾತು ಬೇರೆ. ಅಂಥ ಮಕ್ಕಳು ಗಾಂಜಾದ ಹತ್ತಿರವೂ ಸುಳಿಯಬಾರದು, ಇದನ್ನು ಯಾವ ಮುಲಾಜೂ ಇಲ್ಲದೆ ಹೇಳುತ್ತೇನೆ.

ಮನೆಯಲ್ಲೇ ಸ್ವಲ್ಪ ಕೊಟ್ಟು ಮಿತಿ ಕಲಿಸುವ ಐಡಿಯಾ ಕೇಳಲು ಚೆನ್ನಾಗಿದೆ. ಒಳ್ಳೆಯ ಮನಸ್ಸಿನಿಂದಲೇ ಹುಟ್ಟಿದ್ದು. ಆದರೆ ಪರೀಕ್ಷೆ ಮಾಡಿದಾಗ ಅದು ನಿಂತಿಲ್ಲ. ಆಸ್ಟ್ರೇಲಿಯಾದಲ್ಲಿ 1,927 ಮಕ್ಕಳನ್ನು ಹನ್ನೆರಡು ಹದಿಮೂರನೇ ವಯಸ್ಸಿನಿಂದ ಆರು ವರ್ಷ ಹಿಂಬಾಲಿಸಿದರು. ಅಪ್ಪ ಅಮ್ಮನೇ ಮದ್ಯ ಕೊಟ್ಟ ಮಕ್ಕಳು ಹೊರಗೆ ಕಮ್ಮಿ ಕುಡಿಯಲಿಲ್ಲ. ತದ್ವಿರುದ್ಧವಾಗಿ, ಮುಂದಿನ ವರ್ಷ ಅವರಿಗೆ ಬೇರೆಯವರಿಂದಲೂ ಮದ್ಯ ಸಿಗುವ ಸಾಧ್ಯತೆ ಜಾಸ್ತಿಯಿತ್ತು. ಒಂದೇ ಸಲಕ್ಕೆ ವಿಪರೀತ ಕುಡಿಯುವುದೂ, ಕುಡಿತದಿಂದ ಹಾನಿಯಾಗುವುದೂ ಜಾಸ್ತಿಯಿತ್ತು. 2018ರಲ್ಲಿ ಪ್ರಕಟವಾದ ಈ ಅಧ್ಯಯನದಲ್ಲಿ ಮನೆಯಲ್ಲಿ ಕೊಟ್ಟದ್ದರಿಂದ ರಕ್ಷಣೆ ಸಿಕ್ಕಿತು ಅನ್ನುವುದಕ್ಕೆ ಯಾವ ಪುರಾವೆಯೂ ಸಿಗಲಿಲ್ಲ. ಮನೆಯಲ್ಲಿ ಕೊಟ್ಟಾಗ ಮಗು ಕಲಿಯುವುದು ಮಿತಿಯನ್ನಲ್ಲ, ಇದಕ್ಕೆ ಒಪ್ಪಿಗೆ ಇದೆ ಅನ್ನುವುದನ್ನು.

ಮೂತ್ರ ಪರೀಕ್ಷೆಯ ಕಿಟ್ ಬೇಡ. ಮದ್ಯ ಕೆಲವೇ ಗಂಟೆಗಳಲ್ಲಿ ಮೈಯಿಂದ ಹೊರಟುಹೋಗುತ್ತದೆ, ಗಾಂಜಾ ಪದೇ ಪದೇ ಸೇದುವವರಲ್ಲಿ ಬಿಟ್ಟ ಮೇಲೂ ವಾರಗಟ್ಟಲೆ ಪಾಸಿಟಿವ್ ಬರಬಹುದು. ಕೆಲವು ಮಾಮೂಲಿ ಔಷಧಿಗಳೂ ಸುಳ್ಳು ಪಾಸಿಟಿವ್ ಕೊಡುತ್ತವೆ. ಎಷ್ಟೋ ಮಾದಕಗಳನ್ನು ಮನೆಯ ಕಿಟ್ ಹಿಡಿಯುವುದೇ ಇಲ್ಲ. ಅಮೆರಿಕದ ಮಕ್ಕಳ ತಜ್ಞರ ಅಕಾಡೆಮಿ ಕೂಡ ತಂದೆತಾಯಿ ಮನೆಯಲ್ಲಿ ಈ ಪರೀಕ್ಷೆ ಮಾಡುವುದನ್ನು ಪ್ರೋತ್ಸಾಹಿಸುವುದಿಲ್ಲ. ಅದಕ್ಕಿಂತ ದೊಡ್ಡ ನಷ್ಟ ಎಂದರೆ, ಬಾತ್‌ರೂಮ್ ಬಾಗಿಲಲ್ಲಿ ಡಬ್ಬಿ ಹಿಡಿದು ನಿಂತ ಅಮ್ಮನಿಗೆ ಮಗ ರಾತ್ರಿ ಎರಡು ಗಂಟೆಗೆ ಫೋನ್ ಮಾಡುವುದಿಲ್ಲ.

ಮಾತಾಡುವುದು ಹೇಗೆ? ಕೂರಿಸಿಕೊಂಡು ವಿಚಾರಣೆ ಮಾಡಬೇಡಿ. ಪಕ್ಕಪಕ್ಕ ಕೂತು ಪ್ರಯಾಣ ಮಾಡುವಾಗ, ಏನೋ ಕೆಲಸ ಮಾಡುತ್ತಿರುವಾಗ ಹುಡುಗರಿಗೆ ಮಾತು ಸಲೀಸು. ನಿಮ್ಮ ಮಾತು ಹೀಗೆ ಶುರುವಾಗಬಹುದು:

‘ಆವತ್ತು ನಾನು ತುಂಬಾ ಕೂಗಾಡಿಬಿಟ್ಟೆ. ಈಗ ಬೈಯೋಕೆ ಬಂದಿಲ್ಲ. ಆ ರಾತ್ರಿ ಏನಾಯ್ತು ಅಂತ ಹೇಳು.’

‘ಏನಿಲ್ಲಮ್ಮ.’

‘ಯಾರಾದ್ರೂ ವಾಂತಿ ಮಾಡ್ಕೊಂಡ್ರಾ?’

‘...ಒಬ್ಬ ಮಾಡ್ಕೊಂಡ.’

‘ಅವನ ಜೊತೆ ಯಾರಿದ್ರು?’

ನೋಡಿ, ‘ಯಾಕೆ ಕುಡಿದೆ’ ಅನ್ನುವ ಪ್ರಶ್ನೆಯೇ ಬರಲಿಲ್ಲ. ‘ಯಾಕೆ’ ಎಂದು ಕೇಳಿದರೆ ಅವನು ವಕೀಲನ ಹಾಗೆ ವಾದ ಕಟ್ಟುತ್ತಾನೆ. ‘ಏನಾಯ್ತು’ ಎಂದು ಕೇಳಿದರೆ ಕಥೆ ಹೇಳುತ್ತಾನೆ. ಕಥೆ ಹೇಳಿದ ಮೇಲೆ ನಿಮ್ಮ ನಿಲುವನ್ನು ಎರಡೇ ವಾಕ್ಯದಲ್ಲಿ ಹೇಳಿ: ‘ಈ ವಯಸ್ಸಲ್ಲಿ ನೀನು ಕುಡಿಯೋದು, ಸೇದೋದು ನನಗೆ ಒಪ್ಪಿಗೆ ಇಲ್ಲ. ಏನಾದ್ರೂ ಆದ್ರೆ ಮೊದಲು ನನಗೆ ಫೋನ್ ಮಾಡು.’ ಎರಡರಲ್ಲಿ ಯಾವುದನ್ನೂ ಬಿಡಬೇಡಿ. ನಿಮ್ಮ ಯಜಮಾನರೂ ಇದೇ ಎರಡು ವಾಕ್ಯ ಹೇಳಬೇಕು. ಅಪ್ಪ ಒಂದು ಅಮ್ಮ ಒಂದು ಹೇಳಿದರೆ ಮಗ ತನಗೆ ಬೇಕಾದ್ದನ್ನು ಆರಿಸಿಕೊಳ್ಳುತ್ತಾನೆ.

ಗಂಭೀರವಾಗಿದೆಯಾ ಅಂತ ಅಳೆಯಲು ನಾವು ಕ್ಲಿನಿಕ್‌ನಲ್ಲಿ ಕ್ರಾಫ್ಟ್ ಎಂಬ ಪ್ರಶ್ನಾವಳಿ ಬಳಸುತ್ತೇವೆ. ಅದರಲ್ಲಿ ಆರೇ ಪ್ರಶ್ನೆ. ಅಮಲಿನಲ್ಲಿದ್ದವರು ಓಡಿಸಿದ ಗಾಡಿಯಲ್ಲಿ ಹೋಗಿದ್ದೀಯಾ, ಅಥವಾ ನೀನೇ ಅಮಲಿನಲ್ಲಿ ಓಡಿಸಿದ್ದೀಯಾ? ಮನಸ್ಸು ಹಗುರ ಮಾಡಿಕೊಳ್ಳಲು, ಗುಂಪಿಗೆ ಹೊಂದಿಕೊಳ್ಳಲು ತಗೊಳ್ತೀಯಾ? ಒಬ್ಬನೇ ಇದ್ದಾಗ ತಗೊಂಡಿದ್ದೀಯಾ? ತಗೊಂಡಾಗ ಮಾಡಿದ್ದು ಮರೆತುಹೋಗಿದೆಯಾ? ಕಮ್ಮಿ ಮಾಡು ಅಂತ ಮನೆಯವರು, ಗೆಳೆಯರು ಹೇಳಿದ್ದಾರಾ? ಇದರಿಂದ ತೊಂದರೆಗೆ ಸಿಕ್ಕಿಹಾಕಿಕೊಂಡಿದ್ದೀಯಾ? ಎರಡಕ್ಕೆ ಹೌದು ಎಂದರೆ ಇನ್ನೂ ಆಳವಾಗಿ ನೋಡಬೇಕು. ನನ್ನ ಮಟ್ಟಿಗೆ ಇವುಗಳಲ್ಲಿ ಜಾಸ್ತಿ ತೂಕದ್ದು ಮೂರನೆಯದು. ಗೆಳೆಯರ ಜೊತೆ ಕುಡಿಯುವವನು ಸಾಮಾನ್ಯವಾಗಿ ಗೆಳೆಯರಿಗಾಗಿ ಕುಡಿಯುತ್ತಾನೆ. ಬಾಗಿಲು ಹಾಕಿಕೊಂಡು ಒಬ್ಬನೇ ಕುಡಿಯುವ ಹುಡುಗ ಯಾವುದನ್ನೋ ತಡೆದುಕೊಳ್ಳಲು ಕುಡಿಯುತ್ತಿರುತ್ತಾನೆ. ಮಾತು ಕಮ್ಮಿ ಅಂದಿರಲ್ಲ, ಅದು ಮೊದಲಿಂದಲೂ ಇರುವ ಸ್ವಭಾವವಾ, ಈಚೆಗೆ ಶುರುವಾದದ್ದಾ? ನಿದ್ದೆ, ಊಟ, ಮಾರ್ಕ್ಸ್, ಹಳೇ ಗೆಳೆಯರು, ಆಟ, ಇವುಗಳಲ್ಲಿ ಎರಡು ಮೂರು ಒಟ್ಟಿಗೆ ಬದಲಾಗಿದ್ದರೆ ವೈದ್ಯರ ಹತ್ತಿರ ಕರೆದುಕೊಂಡು ಹೋಗಿ. ಖಿನ್ನತೆ, ಆತಂಕ, ಎಡಿಎಚ್‌ಡಿ (ಗಮನ ನಿಲ್ಲದ, ಚಡಪಡಿಕೆಯ ತೊಂದರೆ) ಇದರ ಹಿಂದೆ ಅಡಗಿರುವುದು ಬಹಳ ಸಾಮಾನ್ಯ. ಸಾಯುವ ಮಾತು ಬಂದರೆ ಅದೇ ದಿನ ಹೋಗಿ.

ಡಾಕ್ಟರ್ ಹತ್ತಿರ ಎಂದ ತಕ್ಷಣ ಪುನರ್ವಸತಿ ಕೇಂದ್ರ ಅಂದುಕೊಳ್ಳಬೇಡಿ. ನಿಮ್ಮ ಮಗನ ಸ್ಥಿತಿಯಲ್ಲಿರುವ ಬಹುಪಾಲು ಹುಡುಗರಿಗೆ ಕೆಲವು ಭೇಟಿಗಳ ಮಾತುಕತೆಯೇ ಚಿಕಿತ್ಸೆ. ವೈದ್ಯರು ನಿಮ್ಮನ್ನು ಹೊರಗೆ ಕೂರಿಸಿ ಅವನ ಜೊತೆ ಒಬ್ಬರೇ ಮಾತಾಡುತ್ತಾರೆ. ಆಗ ಬೇಜಾರು ಮಾಡಿಕೊಳ್ಳಬೇಡಿ, ಆ ಸಮಯ ಅವನಿಗೆ ಬೇಕು.

ಕೊನೆಗೆ ನಿಮ್ಮ ಮಗಳು. 12 ವರ್ಷ, ಹೇಳಲು ಸರಿಯಾದ ವಯಸ್ಸು. ಆದರೆ ಹೆದರಿಸುವ ವಿಡಿಯೊ ತೋರಿಸಿ ಕಲಿಸಲು ಹೋಗಬೇಡಿ. 1983ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಪೊಲೀಸರನ್ನೇ ಶಾಲೆಗಳಿಗೆ ಕಳಿಸಿ ‘ಬೇಡ ಎನ್ನಿ’ ಎಂದು ಕಲಿಸುವ ಡೇರ್ ಎಂಬ ಕಾರ್ಯಕ್ರಮ ಶುರುವಾಯಿತು. ಅಮೆರಿಕದ ತುಂಬ ಹಬ್ಬಿತು. ಹಲವು ಅಧ್ಯಯನಗಳನ್ನು ಒಟ್ಟು ಸೇರಿಸಿ ನೋಡಿದಾಗ ಮಕ್ಕಳ ಬಳಕೆಯ ಮೇಲೆ ಅದರ ಪರಿಣಾಮ ಇಲ್ಲವೇ ಇಲ್ಲ ಎನ್ನುವಷ್ಟು ಕಮ್ಮಿ ಇತ್ತು. ಐಸ್‌ಲ್ಯಾಂಡ್ ಬೇರೆ ದಾರಿ ಹಿಡಿಯಿತು. ಮಕ್ಕಳಿಗೆ ಆಟ, ಸಂಗೀತ ಕಲಿಯಲು ದುಡ್ಡಿನ ನೆರವು ಕೊಟ್ಟಿತು. ರಾತ್ರಿ ಇಂತಿಷ್ಟು ಹೊತ್ತಿನ ಮೇಲೆ ಮಕ್ಕಳು ಹೊರಗೆ ಇರಬಾರದು ಎಂಬ ನಿಯಮವನ್ನು ಬಿಗಿ ಮಾಡಿತು. ತಂದೆತಾಯಂದಿರು ಪರಸ್ಪರ ಪರಿಚಯ ಮಾಡಿಕೊಂಡು, ಕುಡಿತಕ್ಕೆ ನಮ್ಮ ಯಾರ ಮನೆಯಲ್ಲೂ ಜಾಗ ಇಲ್ಲ ಎಂದು ಒಪ್ಪಂದಕ್ಕೆ ಬಂದರು. 1998ರಲ್ಲಿ ಅಲ್ಲಿನ 15-16 ವರ್ಷದವರಲ್ಲಿ ಹಿಂದಿನ ತಿಂಗಳು ಕುಡಿದು ಅಮಲೇರಿದ್ದವರು 42 ಪರ್ಸೆಂಟ್ ಇದ್ದರು, 2016ಕ್ಕೆ 5 ಪರ್ಸೆಂಟ್. ಇದಷ್ಟೇ ಕಾರಣವಾ ಎಂದು ಕೇಳಬಹುದು, ಆ ಕಾಲದಲ್ಲಿ ಬೇರೆ ಎಷ್ಟೋ ಶ್ರೀಮಂತ ದೇಶಗಳಲ್ಲೂ ಹದಿಹರೆಯದ ಕುಡಿತ ಇಳಿದಿದೆ. ಆದರೂ ಇಷ್ಟು ಇಳಿದದ್ದು ಅಪರೂಪ.

ಹಾಗಾಗಿ ಮಗಳಿಗೆ ಅಣ್ಣನ ವಿಷಯ ಹೇಳಬೇಡಿ, ಅದು ಅವನದು, ಹೇಳುವುದಾದರೆ ಅವನೇ ಹೇಳಲಿ. ಗಮ್, ಥಿನ್ನರ್ ಮೂಸುವುದರ ಬಗ್ಗೆ, ವೇಪ್ ಬಗ್ಗೆ, ಯಾರೋ ಕೊಟ್ಟ ಮಾತ್ರೆ ನುಂಗಬಾರದು ಎಂಬುದರ ಬಗ್ಗೆ ಈಗಲೇ ಹೇಳಿ. ಅವಳ ಗೆಳತಿಯರ ಅಮ್ಮಂದಿರ ಫೋನ್ ನಂಬರ್ ಇಟ್ಟುಕೊಳ್ಳಿ. ಮಗ ಆ ರಾತ್ರಿ ಉಳಿದುಕೊಂಡಿದ್ದನಲ್ಲ, ಆ ಮನೆಯವರಿಗೂ ಈ ವಾರವೇ ಒಂದು ಫೋನ್ ಮಾಡಿ. ಮಾಡುವ ಮೊದಲು ಮಗನಿಗೆ ತಿಳಿಸಿ. ಜಗಳಕ್ಕಲ್ಲ, ಆವತ್ತು ದೊಡ್ಡವರು ಯಾರಾದರೂ ಮನೆಯಲ್ಲಿದ್ದರಾ ಎಂದು ಕೇಳಲು.